ಗಾಂಜಾ ಎಣ್ಣೆ ಮತ್ತು ಪ್ರಾಸ್ಟೇಟ್ ಕ್ಯಾನ್ಸರ್: ‘ನಷ್ಟವೇನಿದೆ?’ ಎನ್ನುವ ಮುನ್ನ

ಮನೆಯ ಹಿರಿಯರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾದ ಕೆಲವೇ ದಿನಗಳಲ್ಲಿ ಹಿತೈಷಿಯೊಬ್ಬರು ಗಾಂಜಾ ಎಣ್ಣೆಯ ವಿಡಿಯೊ ಕಳಿಸುವುದು ಈಗ ಅಪರೂಪವಲ್ಲ. ‘ಡಾಕ್ಟರು ಕೊಟ್ಟಿದ್ದನ್ನ ಬಿಡಬೇಡಿ, ಜೊತೆಗೆ ಇದನ್ನೂ ತಗೊಳ್ಳಿ, ನಷ್ಟವೇನಿದೆ?’ ಎಂಬ ಮಾತೂ ಅದರೊಂದಿಗೆ ಬರುತ್ತದೆ. ಪ್ರೀತಿಯಿಂದ ಕೇಳಿದ ಪ್ರಶ್ನೆ. ಅದಕ್ಕೆ ನೇರವಾದ ಉತ್ತರ ಕೊಡಬೇಕಾದ ಕಾಲ ಬಂದಿದೆ.

ನಷ್ಟವಿದೆ. ಗಾಂಜಾ ಎಣ್ಣೆ ಪ್ರಾಸ್ಟೇಟ್ ಕ್ಯಾನ್ಸರನ್ನು ಗುಣಪಡಿಸುತ್ತದೆ ಅಥವಾ ರೋಗಿಯ ಆಯಸ್ಸು ಹೆಚ್ಚಿಸುತ್ತದೆ ಎಂಬುದು ಮನುಷ್ಯರ ಮೇಲಿನ ಯಾವ ಪ್ರಯೋಗದಲ್ಲೂ ಸಾಬೀತಾಗಿಲ್ಲ. ಆದರೂ ಗುಣಪಡಿಸಿದಂತೆ ಕಾಣುತ್ತದೆ, ಏಕೆಂದರೆ ಈ ಕಾಯಿಲೆಯ ಸ್ವಭಾವವೇ ಅಂಥದ್ದು. ಆ ತೋರಿಕೆಯನ್ನು ನಂಬಿ ಚಿಕಿತ್ಸೆಯ ಸಮಯ ಕಳೆದುಕೊಳ್ಳುವವರ ಸಂಖ್ಯೆ ಮುಂದಿನ ವರ್ಷಗಳಲ್ಲಿ ಹೆಚ್ಚುವ ಎಲ್ಲ ಲಕ್ಷಣಗಳೂ ಕಾಣುತ್ತಿವೆ.

2024ರ ‘ಲ್ಯಾನ್ಸೆಟ್’ ಆಯೋಗದ ಅಂದಾಜಿನಂತೆ, 2020ರಲ್ಲಿ 14 ಲಕ್ಷದಷ್ಟಿದ್ದ ಜಗತ್ತಿನ ಹೊಸ ಪ್ರಾಸ್ಟೇಟ್ ಕ್ಯಾನ್ಸರ್ ಪ್ರಕರಣಗಳು 2040ರ ಹೊತ್ತಿಗೆ 29 ಲಕ್ಷ ಮುಟ್ಟಲಿವೆ. ವರ್ಷದ ಸಾವುಗಳು 7 ಲಕ್ಷದ ಸಮೀಪಕ್ಕೆ ಏರಲಿವೆ. ಈ ಹೆಚ್ಚಳದ ದೊಡ್ಡ ಪಾಲು ಬೀಳುವುದು ನಮ್ಮಂಥ ದೇಶಗಳ ಮೇಲೆ. ಜನ ಹೆಚ್ಚು ಕಾಲ ಬದುಕುತ್ತಿದ್ದಾರೆ, ಇದು ವಯಸ್ಸಾದವರ ಕಾಯಿಲೆ. 2022ರಲ್ಲಿ ಭಾರತದಲ್ಲಿ ಸುಮಾರು 38 ಸಾವಿರ ಹೊಸ ಪ್ರಕರಣಗಳಿದ್ದವೆಂದು ಅಂದಾಜು. ಕಿದ್ವಾಯಿ ಸಂಸ್ಥೆ ನಡೆಸುವ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲಿ ಗಂಡಸರ ಪ್ರಮುಖ ಕ್ಯಾನ್ಸರ್‌ಗಳ ಸಾಲಿನಲ್ಲಿ ಪ್ರಾಸ್ಟೇಟ್ ಸೇರಿದೆ. ಇದೇ ಹೊತ್ತಿಗೆ ಗಾಂಜಾ ಗಿಡದ ಎಣ್ಣೆ ಆನ್‌ಲೈನ್ ಅಂಗಡಿಗಳಿಂದ ಮನೆ ಬಾಗಿಲಿಗೆ ಬರತೊಡಗಿದೆ. ಈ ಎರಡು ಹಾದಿಗಳು ಕೂಡುವ ಜಾಗದಲ್ಲೇ ಅಪಾಯವಿದೆ.

ಪ್ರಯೋಗಾಲಯ ಹೇಳಿದ್ದೆಷ್ಟು?

ಗಾಂಜಾ ಎಣ್ಣೆಯ ಪರವಾಗಿ ಮಾತಾಡುವವರು ಬರೀ ಸುಳ್ಳು ಹೇಳುತ್ತಿದ್ದಾರೆ ಎನ್ನುವಂತಿಲ್ಲ. ವಿಜ್ಞಾನದ ಒಂದು ಎಳೆ ಅವರ ಕೈಯಲ್ಲಿದೆ. 1964ರಲ್ಲಿ ಇಸ್ರೇಲಿನ ರಾಫೆಲ್ ಮೆಷೌಲಮ್ ಮತ್ತು ಯೆಹಿಯೆಲ್ ಗಾವೊನಿ ಗಾಂಜಾದಲ್ಲಿ ಅಮಲು ತರುವ ಟಿಎಚ್‌ಸಿ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಅಂಥ ರಾಸಾಯನಿಕಗಳಿಗೆ ಸ್ಪಂದಿಸುವ ಗ್ರಾಹಕಗಳು ನಮ್ಮ ಜೀವಕೋಶಗಳಲ್ಲೇ ಇವೆ ಎಂಬುದು ಮುಂದೆ ತಿಳಿಯಿತು. 2005ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡವೊಂದು, ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಲ್ಲಿ ಈ ಗ್ರಾಹಕಗಳು ಆರೋಗ್ಯವಂತ ಕೋಶಗಳಿಗಿಂತ ಹೆಚ್ಚಿವೆ, ಅವುಗಳನ್ನು ಕೆರಳಿಸಿದರೆ ಕ್ಯಾನ್ಸರ್ ಕೋಶಗಳು ಸಾಯುತ್ತವೆ ಎಂದು ತೋರಿಸಿತು. 2013ರಲ್ಲಿ ಇಟಲಿಯ ವಿಜ್ಞಾನಿಗಳು ಗಾಂಜಾದ ಇನ್ನೊಂದು ರಾಸಾಯನಿಕವಾದ, ಅಮಲಿಲ್ಲದ ಸಿಬಿಡಿ ಹೆಚ್ಚಿರುವ ಸಾರವನ್ನು ಇಲಿಗಳಿಗೆ ಚುಚ್ಚಿದಾಗ ಒಂದು ಬಗೆಯ ಗಡ್ಡೆ ಕುಗ್ಗಿತು.

ವಿಡಿಯೊಗಳು ಇಲ್ಲಿಗೇ ನಿಲ್ಲುತ್ತವೆ. ವಿಸ್ಕಾನ್ಸಿನ್ ತಂಡ ಬಳಸಿದ್ದು ಗಿಡದ ಎಣ್ಣೆಯನ್ನಲ್ಲ, ಪ್ರಯೋಗಾಲಯದಲ್ಲಿ ತಯಾರಿಸಿದ ರಾಸಾಯನಿಕವನ್ನು. ಗಾಜಿನ ತಟ್ಟೆಯಲ್ಲಿ ಕೋಶಗಳ ಮೇಲೆ ಔಷಧವನ್ನು ನೇರವಾಗಿ ಸುರಿಯಬಹುದು. ಬಾಯಿಯಿಂದ ತೆಗೆದುಕೊಂಡ ಸಿಬಿಡಿಯ ಬಹುಪಾಲು ಕರುಳು ಮತ್ತು ಲಿವರಿನಲ್ಲೇ ಕಳೆದುಹೋಗಿ ರಕ್ತಕ್ಕೆ ಸೇರುವುದು ಅಲ್ಪ ಭಾಗ. ತಟ್ಟೆಯಲ್ಲಿ, ಇಲಿಯಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಔಷಧಗಳು ಕ್ಯಾನ್ಸರ್ ಚರಿತ್ರೆಯ ಉದ್ದಕ್ಕೂ ಇವೆ.

ಮನುಷ್ಯರ ಮೇಲಿನ ಕೆಲಸ ಈಗಷ್ಟೇ ಆರಂಭವಾಗಿದೆ. ಚಿಕಿತ್ಸೆಯ ನಂತರ ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಕೊಡುವ ರಕ್ತದ ಅಂಶ) ಮತ್ತೆ ಏರತೊಡಗಿದ ರೋಗಿಗಳಿಗೆ ಶುದ್ಧ ಸಿಬಿಡಿ ಕೊಟ್ಟ ಸಣ್ಣದೊಂದು ಅಧ್ಯಯನ 2023ರಲ್ಲಿ ಅಮೆರಿಕದಿಂದ ಪ್ರಕಟವಾಯಿತು. ಎಷ್ಟು ಪ್ರಮಾಣವನ್ನು ದೇಹ ತಡೆದೀತು ಎಂದು ನೋಡುವ ಮೊದಲ ಹಂತ ಅದು. ಅಲ್ಲಿ ತಲುಪಿದ ಪ್ರಮಾಣ ದಿನಕ್ಕೆ 800 ಮಿಲಿಗ್ರಾಂ. ನಿಮ್ಮ ಕೈಗೆ ಬಂದ ಬಾಟಲಿಯ ಲೇಬಲ್ ಓದಿ ನೋಡಿ. ಇಡೀ ಬಾಟಲಿಯಲ್ಲಿ 1000 ಮಿಲಿಗ್ರಾಂ ಎಂದು ಬರೆದಿದ್ದರೆ, ಆ ಲೆಕ್ಕದಲ್ಲಿ ಅದು ಎರಡನೆಯ ದಿನದ ಬೆಳಿಗ್ಗೆಗೆ ಮುಗಿಯಬೇಕು. ರಾತ್ರಿ ನಾಲಿಗೆಯ ಕೆಳಗೆ ನಾಲ್ಕು ಹನಿ ಬಿಟ್ಟುಕೊಂಡು ಆ ಸಂಶೋಧನೆಯ ಹೆಸರು ಹೇಳುವುದರಲ್ಲಿ ಅರ್ಥವಿಲ್ಲ.

ಪಿಎಸ್‌ಎ ಇಳಿಸಿದ್ದು ಯಾವುದು?

ಹಾಗಿದ್ದರೆ ‘ನಮ್ಮ ತಂದೆಗೆ ಗುಣವಾಯಿತು’ ಎಂದು ಕಣ್ಣೀರು ತುಂಬಿ ಹೇಳುವವರೆಲ್ಲ ಸುಳ್ಳುಗಾರರೇ? ಖಂಡಿತ ಅಲ್ಲ. ಅವರು ಕಂಡದ್ದು ನಿಜ, ಕಾರಣ ಮಾತ್ರ ಬೇರೆ.

ಎಪ್ಪತ್ತು ದಾಟಿದ ಒಬ್ಬ ಹಿರಿಯರನ್ನು ಉದಾಹರಣೆಗೆಂದು ಕಲ್ಪಿಸಿಕೊಳ್ಳೋಣ. ಸೊಂಟನೋವೆಂದು ಹೋದವರಿಗೆ ಪಿಎಸ್‌ಎ 86 ಬಂದಿದೆ. ಬಯಾಪ್ಸಿ ಆಗಿದೆ, ಬೋನ್ ಸ್ಕ್ಯಾನಿನಲ್ಲಿ ಮೂಳೆಗೆ ಹರಡಿದ ಗುರುತುಗಳಿವೆ. ಮೂರು ತಿಂಗಳಿಗೊಮ್ಮೆ ಪಡೆಯುವ ಹಾರ್ಮೋನ್ ಇಂಜೆಕ್ಷನ್ ಶುರುವಾಗುತ್ತದೆ. ಅದೇ ವಾರ ಅಳಿಯ ತರಿಸಿಕೊಟ್ಟ ಎಣ್ಣೆಯೂ ಶುರುವಾಗುತ್ತದೆ. ಮೂರು ತಿಂಗಳ ನಂತರದ ವರದಿಯಲ್ಲಿ ಪಿಎಸ್‌ಎ 1.2. ಸೊಂಟನೋವು ಇಳಿದಿದೆ, ರಾತ್ರಿ ನಿದ್ದೆ ಬರುತ್ತಿದೆ. ಮನೆಯಲ್ಲಿ ಸಂಭ್ರಮ.

ಈ ಇಳಿತದಲ್ಲಿ ಪವಾಡವೇನೂ ಇಲ್ಲ. ಗಂಡಸಿನ ಹಾರ್ಮೋನಾದ ಟೆಸ್ಟೊಸ್ಟೆರಾನ್ ಪ್ರಾಸ್ಟೇಟ್ ಕ್ಯಾನ್ಸರಿಗೆ ಆಹಾರವಿದ್ದಂತೆ, ಅದನ್ನು ತಡೆದರೆ ಗಡ್ಡೆ ಕುಗ್ಗುತ್ತದೆ ಎಂದು ಚಿಕಾಗೊದ ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿದ್ದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಹರಡಿದ ರೋಗವಿದ್ದವರಲ್ಲೂ ಈ ಇಂಜೆಕ್ಷನ್ ಅಥವಾ ವೃಷಣ ತೆಗೆಯುವ ಸರಳ ಶಸ್ತ್ರಚಿಕಿತ್ಸೆ ಬಹುಪಾಲು ಜನರ ಪಿಎಸ್‌ಎಯನ್ನು ಕೆಲವೇ ತಿಂಗಳಲ್ಲಿ ಕೆಳಗಿಳಿಸುತ್ತದೆ. ಇಂಜೆಕ್ಷನ್ ಮಾಡಿದ ಕೆಲಸದ ಕೀರ್ತಿ ಎಣ್ಣೆಗೆ ಹೋಗುತ್ತದೆ. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆಂದು ನಂಬಿದ್ದ ಅಜ್ಜಿಯ ಕಥೆ ನಮಗೆಲ್ಲ ಗೊತ್ತು. ಆ ಅಜ್ಜಿಯ ನಂಬಿಕೆಯಿಂದ ಯಾರ ಜೀವಕ್ಕೂ ಕುತ್ತು ಬರಲಿಲ್ಲ. ಇಲ್ಲಿ ಬರುತ್ತದೆ.

ಬರುವುದು ಹೀಗೆ. ಹಾರ್ಮೋನ್ ಇಂಜೆಕ್ಷನ್ನಿನಿಂದ ಮೈ ಬಿಸಿಯೇರಿ ಬೆವರುತ್ತದೆ, ಸುಸ್ತಾಗುತ್ತದೆ, ಸ್ನಾಯುಗಳು ಸೊರಗುತ್ತವೆ, ಮನಸ್ಸು ಕುಗ್ಗುತ್ತದೆ. ಪಿಎಸ್‌ಎ ಚೆನ್ನಾಗಿದೆಯಲ್ಲ, ಅಪ್ಪನನ್ನು ಹಣ್ಣು ಮಾಡುತ್ತಿರುವುದು ಈ ಇಂಜೆಕ್ಷನ್ನೇ ಎಂದು ಮನೆಯವರಿಗೆ ಅನ್ನಿಸುತ್ತದೆ. ಮುಂದಿನ ಇಂಜೆಕ್ಷನ್ ಒಂದು ತಿಂಗಳು ತಡವಾಗುತ್ತದೆ, ಆಮೇಲೆ ನಿಂತೇಹೋಗುತ್ತದೆ. ಎಣ್ಣೆ ಮಾತ್ರ ಮುಂದುವರಿಯುತ್ತದೆ. ‘ಜೊತೆಗೆ’ ಬಂದದ್ದು ಹೀಗೆ ‘ಬದಲಿಗೆ’ ನಿಲ್ಲುತ್ತದೆ.

ಎರಡನೆಯ ತೋರಿಕೆ ಇನ್ನೂ ಸೂಕ್ಷ್ಮ. ಪ್ರಾಸ್ಟೇಟಿನೊಳಗೇ ಇರುವ, ನಿಧಾನವಾಗಿ ಬೆಳೆಯುವ ಕ್ಯಾನ್ಸರ್ ಎಷ್ಟೋ ಜನರಲ್ಲಿ ವರ್ಷಗಟ್ಟಲೆ ತೊಂದರೆ ಕೊಡುವುದಿಲ್ಲ. ಬ್ರಿಟನ್ನಿನ ‘ಪ್ರೊಟೆಕ್ಟ್’ ಅಧ್ಯಯನದಲ್ಲಿ 1643 ಗಂಡಸರನ್ನು ಶಸ್ತ್ರಚಿಕಿತ್ಸೆ, ರೇಡಿಯೇಷನ್, ಬರೀ ನಿಗಾ ಎಂದು ಮೂರು ಗುಂಪು ಮಾಡಿ ಸುಮಾರು 15 ವರ್ಷ ಗಮನಿಸಲಾಯಿತು. 2023ರ ವರದಿಯಂತೆ ಪ್ರಾಸ್ಟೇಟ್ ಕ್ಯಾನ್ಸರಿನಿಂದಲೇ ಸತ್ತವರು ಒಟ್ಟು 45 ಜನ, ಶೇ 3ಕ್ಕಿಂತ ಕಡಿಮೆ. ಮೂರೂ ಗುಂಪುಗಳಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಇಂಥ ಸೌಮ್ಯ ರೋಗವಿರುವವರು ಎಣ್ಣೆ ಕುಡಿದರೂ, ಬಿಟ್ಟರೂ ಹತ್ತು ವರ್ಷ ಚೆನ್ನಾಗಿಯೇ ಇರುತ್ತಾರೆ. ಅವರು ಪ್ರಾಮಾಣಿಕವಾಗಿ ಹೇಳಿದ ಮಾತನ್ನು ಕೇಳಿ, ರಭಸದ ಕ್ಯಾನ್ಸರ್ ಇರುವ ಇನ್ನೊಬ್ಬರು ಚಿಕಿತ್ಸೆ ಮುಂದೂಡುತ್ತಾರೆ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಸುಳ್ಳು ಭರವಸೆ ಇಷ್ಟು ಸುಲಭವಾಗಿ ಬೇರೂರುವುದು ಈ ಕಾರಣಕ್ಕೆ.

ತಡಕ್ಕೆ ತೆರಬೇಕಾದ ಬೆಲೆ

ಇದು ಊಹೆಯ ಭಯವಲ್ಲ. ಸ್ತನ, ಪ್ರಾಸ್ಟೇಟ್, ಶ್ವಾಸಕೋಶ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್ ರೋಗಿಗಳ ಅಮೆರಿಕದ ದಾಖಲೆಗಳನ್ನು ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪರಿಶೀಲಿಸಿದರು. ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ ಸಾಬೀತಾಗದ ಪೂರಕ ಚಿಕಿತ್ಸೆಯನ್ನೂ ಪಡೆದವರು 258 ಮಂದಿ ಸಿಕ್ಕರು. ಗಾಂಜಾ ಎಣ್ಣೆಯೊಂದರ ಅಧ್ಯಯನ ಇದಲ್ಲ, ಎಲ್ಲ ಬಗೆಯ ಪೂರಕ ಮದ್ದುಗಳೂ ಸೇರಿವೆ. ಐದು ವರ್ಷ ಬದುಕುಳಿದವರು ಅವರಲ್ಲಿ ಶೇ 82.2, ಉಳಿದವರಲ್ಲಿ ಶೇ 86.6. ಸಾವಿನ ಅಪಾಯ ಹೆಚ್ಚುಕಡಿಮೆ ಎರಡರಷ್ಟು. ಅವರಲ್ಲಿ ಹಾರ್ಮೋನ್ ಚಿಕಿತ್ಸೆಯನ್ನು ನಿರಾಕರಿಸಿದವರು ಶೇ 33.7, ಇನ್ನೊಂದು ಗುಂಪಿನಲ್ಲಿ ಬರೀ ಶೇ 2.8. ಚಿಕಿತ್ಸೆ ನಿರಾಕರಿಸಿದ್ದನ್ನು, ತಡಮಾಡಿದ್ದನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಸಾವಿನ ವ್ಯತ್ಯಾಸ ಮಾಯವಾಯಿತು. ಅಂದರೆ ಕೊಂದದ್ದು ಪೂರಕ ಮದ್ದಿನ ವಿಷವಲ್ಲ, ಅದನ್ನು ನಂಬಿ ಕೈಬಿಟ್ಟ ಚಿಕಿತ್ಸೆ ಎಂದು ಇದು ಸೂಚಿಸುತ್ತದೆ.

ದೇಹಕ್ಕೆ ಆಗುವ ನೇರ ಹಾನಿಯೂ ಇದೆ. ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಅಬಿರಟೆರಾನ್ ಮಾತ್ರೆ ಲಿವರಿಗೆ ತೊಂದರೆ ಮಾಡಬಹುದಾದ್ದರಿಂದ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಸಿಬಿಡಿಯೂ ಲಿವರಿನ ಮೇಲೆ ಭಾರ ಹಾಕುತ್ತದೆ. 2025ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆರೋಗ್ಯವಂತರಿಗೆ ನಾಲ್ಕು ವಾರ ಸಿಬಿಡಿ ಕೊಟ್ಟಾಗ ನೂರಕ್ಕೆ ಐದಾರು ಜನರಲ್ಲಿ ಲಿವರ್ ಕಿಣ್ವಗಳು ಸಹಜ ಮಿತಿಯ ಮೂರು ಪಟ್ಟು ದಾಟಿದವು. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಯ ಪರಿಣಾಮವನ್ನು ಸಿಬಿಡಿ ಹೆಚ್ಚಿಸಬಲ್ಲದು. ಹೃದಯದ ತೊಂದರೆಯಿರುವ ಹಿರಿಯರಿಗೆ ಇದು ರಕ್ತಸ್ರಾವದ ಅಪಾಯ.

ಟಿಎಚ್‌ಸಿ ಇರುವ ಎಣ್ಣೆಯಿಂದ ತಲೆ ತಿರುಗುತ್ತದೆ, ಎದ್ದು ನಿಂತಾಗ ರಕ್ತದೊತ್ತಡ ಕುಸಿಯುತ್ತದೆ. ಹಾರ್ಮೋನ್ ಚಿಕಿತ್ಸೆಯಿಂದ ಮೂಳೆ ಮೊದಲೇ ಸವೆದಿರುತ್ತದೆ. ರಾತ್ರಿ ಮೂತ್ರಕ್ಕೆಂದು ಎದ್ದವರು ಬಚ್ಚಲ ಬಾಗಿಲಲ್ಲಿ ಬಿದ್ದರೆ ತೊಡೆಯ ಮೂಳೆ ಮುರಿಯುತ್ತದೆ, ಅಲ್ಲಿಂದ ಹಾಸಿಗೆ ಹಿಡಿಯುತ್ತಾರೆ. ಇನ್ನೊಂದು ಅಪಾಯ ಮಂಪರಿನದು. ಬೆನ್ನಿನ ಹೊಸ ನೋವು, ಕಾಲಿನ ಸೋಲು, ಮರಗಟ್ಟುವಿಕೆ, ಮೂತ್ರ ಕಟ್ಟುವುದು ಇವು ಬೆನ್ನುಹುರಿ ಒತ್ತಿಹೋಗುತ್ತಿರುವ ಸೂಚನೆಗಳು. ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ಸೇರಬೇಕು, ತಡವಾದರೆ ಮತ್ತೆ ನಡೆಯಲಾಗದೆ ಹೋಗಬಹುದು. ‘ಎಣ್ಣೆಯ ಅಮಲಿರಬೇಕು, ನಾಳೆ ನೋಡೋಣ’ ಎಂದು ಮಲಗಿಸುವ ಒಂದು ರಾತ್ರಿ ಇಡೀ ಉಳಿದ ಬದುಕನ್ನು ಬದಲಿಸಬಲ್ಲದು.

ಬಾಟಲಿಯೊಳಗೆ ಏನಿದೆ?

ಅಮೆರಿಕದಲ್ಲಿ ಆನ್‌ಲೈನ್‌ನಲ್ಲಿ ಕೊಂಡ 84 ಸಿಬಿಡಿ ಉತ್ಪನ್ನಗಳ ಪರೀಕ್ಷೆಯ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಲೇಬಲ್ಲಿನಲ್ಲಿ ಬರೆದಷ್ಟೇ ಸಿಬಿಡಿ ಇದ್ದದ್ದು 26ರಲ್ಲಿ ಮಾತ್ರ. 18ರಲ್ಲಿ ಟಿಎಚ್‌ಸಿ ಸಿಕ್ಕಿತು. ಹೆಚ್ಚು ನಿಗಾ ಇರುವ ದೇಶದ ಸ್ಥಿತಿ ಇದು.

ನಮ್ಮಲ್ಲಿ 1985ರ ಮಾದಕ ವಸ್ತು ಕಾಯ್ದೆ ಗಾಂಜಾ ಗಿಡದ ಹೂ-ಕಾಯಿ ತುದಿ ಮತ್ತು ಅಂಟನ್ನು ನಿಷೇಧಿಸಿದೆ, ಎಲೆಯನ್ನು ಅದರ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಈ ಕಿಂಡಿಯಲ್ಲಿ ‘ವಿಜಯಾ’ ಎಂಬ ಆಯುರ್ವೇದದ ಹೆಸರಿನಲ್ಲಿ ಎಲೆಯ ಸಾರದ ಎಣ್ಣೆಗಳು ಪರವಾನಗಿ ಪಡೆದು ಮಾರಾಟವಾಗುತ್ತಿವೆ. ಔಷಧ ನಿಯಮಾವಳಿಯ ‘ಇ-1’ ಅನುಸೂಚಿ ಭಂಗಿಯನ್ನು ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕಾದ ವಿಷದ್ರವ್ಯಗಳ ಪಟ್ಟಿಯಲ್ಲಿಟ್ಟಿದೆ. ಕ್ಯಾನ್ಸರ್ ಮತ್ತು ಪ್ರಾಸ್ಟೇಟ್ ತೊಂದರೆ ಎರಡನ್ನೂ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದು ಆಕ್ಷೇಪಾರ್ಹ ಔಷಧ ಜಾಹೀರಾತುಗಳನ್ನು ತಡೆಯುವ 1954ರ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಜಾಹೀರಾತಿನ ಕೆಲಸವನ್ನು ಈಗ ಅನುಭವ ಕಥನಗಳು ಮಾಡುತ್ತವೆ. ಇದಕ್ಕಿಂತ ಭಯಂಕರವಾದದ್ದು ಕದ್ದು ತಯಾರಿಸುವ ಕಪ್ಪು ಅಂಟೆಣ್ಣೆ. ಕೆನಡಾದ ರಿಕ್ ಸಿಂಪ್ಸನ್ ಪ್ರಚಾರ ಮಾಡಿದ ‘90 ದಿನದಲ್ಲಿ 60 ಗ್ರಾಂ’ ಎಂಬ ಕ್ರಮಕ್ಕೆ ಯಾವ ವೈದ್ಯಕೀಯ ಪ್ರಯೋಗದ ಆಧಾರವೂ ಇಲ್ಲ. ಹೂವನ್ನು ದ್ರಾವಕದಲ್ಲಿ ನೆನೆಸಿ ಕುದಿಸಿ ಇಳಿಸುವ ಆ ಎಣ್ಣೆಯಲ್ಲಿ ದ್ರಾವಕದ ಶೇಷ ಉಳಿಯಬಹುದು. ಅದನ್ನು ಇಟ್ಟುಕೊಂಡ ರೋಗಿಯೇ ಜೈಲಿನ ಹಾದಿ ಹಿಡಿಯಬೇಕಾಗಬಹುದು.

ನಿಜವಾದ ಉಪಶಮನ

ಗಾಂಜಾದ ರಾಸಾಯನಿಕಗಳಿಗೆ ವೈದ್ಯಶಾಸ್ತ್ರದಲ್ಲಿ ಜಾಗವೇ ಇಲ್ಲವೆಂದಲ್ಲ. ಕೀಮೋ ವಾಂತಿಗೆ ಬೇರೆ ಮದ್ದು ನಾಟದಿದ್ದಾಗ ಬಳಸಲು ಡ್ರೊನಾಬಿನಾಲ್, ನಬಿಲೋನ್ ಎಂಬ ಎರಡು ಔಷಧಗಳಿಗೆ ಅಮೆರಿಕ 1985ರಲ್ಲೇ ಒಪ್ಪಿಗೆ ಕೊಟ್ಟಿದೆ. ಆದರೆ ಮುಂದುವರಿದ ಕ್ಯಾನ್ಸರಿನ 144 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ, ಒಟ್ಟಾರೆ ಬಾಧೆ ತಗ್ಗಿಸಲು ಸಿಬಿಡಿ ಎಣ್ಣೆ ಬರೀ ಹುಸಿ ಮದ್ದಿಗಿಂತ ಮೇಲೆಂದು ಕಾಣಲಿಲ್ಲ. ಗಡ್ಡೆಯ ಚಿಕಿತ್ಸೆಯೆಂದು ಗಾಂಜಾವನ್ನು ಪ್ರಯೋಗದ ಚೌಕಟ್ಟಿನ ಹೊರಗೆ ಬಳಸಬಾರದೆಂದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಎಣ್ಣೆ ಹುಡುಕುವವರಲ್ಲಿ ಬಹಳಷ್ಟು ಜನ ಹುಡುಕುತ್ತಿರುವುದು ನೋವಿಗೆ ಬಿಡುವನ್ನು, ನಿದ್ದೆಯನ್ನು, ತಮ್ಮ ಮಾತು ಕೇಳುವವರನ್ನು. ಅದು ಸಿಗದಿರುವುದು ನಮ್ಮ ವ್ಯವಸ್ಥೆಯ ಲೋಪ. ಮೂಳೆಯ ನೋವಿಗೆ ಒಂದೇ ಸಲದ ರೇಡಿಯೇಷನ್ ಎಷ್ಟೋ ಜನರಿಗೆ ಆರಾಮ ಕೊಡುತ್ತದೆ. ಮಾರ್ಫಿನ್ ಮಾತ್ರೆ ಅಗ್ಗವಾದದ್ದು, ಮಾದಕ ವಸ್ತು ಕಾಯ್ದೆಯ 2014ರ ತಿದ್ದುಪಡಿ ಅದನ್ನು ಪಡೆಯುವ ಹಾದಿ ಸಲೀಸು ಮಾಡಿದೆ. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ಕೊನೆಯ ಹಂತದ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತವೆ. ಈ ಆರೈಕೆ ಪ್ರತಿ ಜಿಲ್ಲಾ ಆಸ್ಪತ್ರೆಗೂ ತಲುಪಿದರೆ ಎಣ್ಣೆಯ ಮಾರುಕಟ್ಟೆ ತಾನಾಗಿ ಕುಗ್ಗುತ್ತದೆ.

ಅಲ್ಲಿಯವರೆಗೆ ಮಾಡಬೇಕಾದದ್ದು ಇಷ್ಟು. ವೈದ್ಯರು ‘ಬೇರೆ ಏನಾದರೂ ತಗೊಳ್ತಿದ್ದೀರಾ?’ ಎಂದು ಗದರದೆ ಕೇಳಬೇಕು. ಗದರಿಸಿದರೆ ರೋಗಿ ಮುಚ್ಚಿಡುತ್ತಾರೆ, ಲಿವರ್ ಪರೀಕ್ಷೆ ಏರುಪೇರಾದಾಗ ಕಾರಣ ಹೊಳೆಯುವುದಿಲ್ಲ. ಆರೋಗ್ಯ ಇಲಾಖೆ ಮತ್ತು ಆಯುಷ್ ಇಲಾಖೆ ಮಾರುಕಟ್ಟೆಯ ಬಾಟಲಿಗಳನ್ನು ತೆಗೆದು ಪರೀಕ್ಷಿಸಿ ಫಲಿತಾಂಶ ಪ್ರಕಟಿಸಬೇಕು, ಕ್ಯಾನ್ಸರ್ ಗುಣವಾಗುತ್ತದೆ ಎನ್ನುವವರ ಮೇಲೆ 1954ರ ಕಾಯ್ದೆಯನ್ನು ಚಲಾಯಿಸಬೇಕು. ಮನೆಯವರು ಇಂಜೆಕ್ಷನ್ನಿನ ತಾರೀಖನ್ನು ಯಾರ ಮಾತಿಗೂ ಮುಂದೂಡಬಾರದು. ಅದರ ತೊಂದರೆಗಳು ಸಹಿಸಲಾಗದಿದ್ದರೆ ಅದನ್ನು ವೈದ್ಯರಿಗೇ ಹೇಳಬೇಕು, ಅದಕ್ಕೆ ಪರಿಹಾರಗಳಿವೆ. ಬಾಟಲಿ ಮನೆಗೆ ಬಂದಿದ್ದರೆ ಅದನ್ನೂ ಬಚ್ಚಿಡದೆ ಒಯ್ದು ವೈದ್ಯರ ಮೇಜಿನ ಮೇಲಿಡಿ.

ಹರಡಿದ ಮೇಲೂ ವರ್ಷಗಟ್ಟಲೆ ಹಿಡಿದಿಡಬಹುದಾದ ಕೆಲವೇ ಕ್ಯಾನ್ಸರ್‌ಗಳಲ್ಲಿ ಇದೂ ಒಂದು. ಆ ವರ್ಷಗಳು ನಮ್ಮ ಅಪ್ಪಂದಿರಿಗೆ, ಅಜ್ಜಂದಿರಿಗೆ ನ್ಯಾಯವಾಗಿ ಸಲ್ಲಬೇಕಾದವು. ಸಾಬೀತಾಗದ ಎಣ್ಣೆಗಾಗಿ ಅವನ್ನು ಬಿಟ್ಟುಕೊಡಬೇಡಿ.