ತಾಟೆಗಾಗಿ ತೆರೆದಿಟ್ಟ ಬಾಗಿಲು

ಆಲ್ಮೆರೆಯಲ್ಲಿ ನನ್ನ ಮನೆಯಿರುವ ನೆಲ ನೂರು ವರ್ಷಗಳ ಹಿಂದೆ ಕಡಲಿನ ತಳವಾಗಿತ್ತು. ಜೌಡರ್‌ಜೇ ಎಂಬ ಆ ಒಳಗಡಲಿನಲ್ಲಿ ಮೀನುಗಾರರು ಹೆರಿಂಗ್, ಆಂಚೊವಿ ಹಿಡಿಯುತ್ತಿದ್ದರು. 1932ರಲ್ಲಿ ಕಟ್ಟಿ ಮುಗಿಸಿದ ಭಾರಿ ಒಡ್ಡು ಅದರ ಬಾಯಿಯನ್ನು ಮುಚ್ಚಿತು. ಉಪ್ಪುನೀರು ಕ್ರಮೇಣ ಸಿಹಿಯಾಯಿತು. 1968ರಲ್ಲಿ ಈ ಭಾಗವನ್ನು ಬತ್ತಿಸಿದರು, 1976ರಲ್ಲಿ ಮೊದಲ ನಿವಾಸಿಗಳು ಬಂದರು. ಇಂದು ನಮ್ಮೂರಿನ ದಂಡೆಯಲ್ಲಿ ಗಾಳ ಹಾಕಿದರೆ ಸಿಗುವುದು ಸಿಹಿನೀರಿನ ಮೀನು. ಆದ್ದರಿಂದ ನೆರೆಮನೆಯವರು "ದಡದಲ್ಲೇ ನಿಂತು ಶಾರ್ಕ್ ಹಿಡಿಯೋಣ, ಬನ್ನಿ" ಎಂದಾಗ ನಾನು ಅದನ್ನು ತಮಾಷೆಯೆಂದೇ ಭಾವಿಸಿದೆ.

ಕಾರಿನಲ್ಲಿ ನೈರುತ್ಯಕ್ಕೆ ಎರಡು ಗಂಟೆ ಸಾಗಿದರೆ ಝೀಲಂಡ್ ಪ್ರಾಂತ್ಯದ ಓಸ್ಟರ್‌ಸ್ಕೆಲ್ಡೆ ಎಂಬ ಕಡಲತೋಳು. ನೆರೆಯವರು ಗಾಳಕ್ಕೆ ಏಡಿಯನ್ನು ಚುಚ್ಚಿ ಬೀಸಿದರು. ಉಬ್ಬರ ಏರುತ್ತಿತ್ತು. ಬಹಳ ಹೊತ್ತು ಏನೂ ಘಟಿಸಲಿಲ್ಲ. ಫ್ಲಾಸ್ಕಿನ ಕಾಫಿ ಮುಗಿಯಿತು. ಆಮೇಲೆ ಕೋಲು ಒಮ್ಮೆಲೇ ಬಾಗಿತು. ದಡಕ್ಕೆ ಬಂದದ್ದು ಸುಮಾರು ಮೀಟರ್ ಉದ್ದದ, ಬೂದುಬೆನ್ನಿನ ಮೇಲೆ ಬಿಳಿಯ ಚುಕ್ಕೆ ಚೆಲ್ಲಿದಂತಿದ್ದ ಮೀನು. ಅದರ ಹಲ್ಲು ಏಡಿಯ ಚಿಪ್ಪನ್ನು ಅರೆಯುವ ಚಪ್ಪಟೆ ಹಲ್ಲು. ಮನುಷ್ಯನಿಗೆ ಅದರಿಂದ ಭಯವಿಲ್ಲ.

ನನ್ನ ಬಾಯಿಗೆ ತಟ್ಟನೆ ಬಂದ ಮಾತು "ತಾಟೆ!" ಮಲ್ಪೆಯ ಕಡೆ ಕೈರಂಪಣಿ ಬಲೆಯನ್ನು ದಡಕ್ಕೆ ಎಳೆದಾಗ ಬಂಗುಡೆ, ಬೂತಾಯಿಗಳ ನಡುವೆ ಒಮ್ಮೊಮ್ಮೆ ಮರಿತಾಟೆ ಹೊರಳುತ್ತಿತ್ತು. ಬಾಣಂತಿಗೆ ಹಾಲು ಹೆಚ್ಚುತ್ತದೆಂದು ಅಜ್ಜಿ ಅದರ ಗಸಿ ಮಾಡಿ ಬಡಿಸುತ್ತಿದ್ದರು. ನಿಜ ಹೇಳಬೇಕೆಂದರೆ ನನ್ನ ಮನಸ್ಸು ಆಗಲೇ ಹುಣಸೆಹುಳಿಯ ಲೆಕ್ಕ ಹಾಕುತ್ತಿತ್ತು. ಆದರೆ ನೆರೆಯವರು ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿ, ಅಳತೆ ನೋಡಿ, ಹರಿವಿಗೆ ಮುಖಮಾಡಿಸಿ ಹಿಡಿದರು. ಬಾಲ ಬೀಸಿ ಅದು ಮರೆಯಾಯಿತು.

ಈ ಕಡಲತೋಳನ್ನೂ ಮುಚ್ಚಬೇಕೆಂದೇ ಮೊದಲು ಯೋಜಿಸಿದ್ದರು. 1953ರ ಫೆಬ್ರವರಿ 1ರ ಪ್ರವಾಹದಲ್ಲಿ ಈ ದೇಶದ 1,836 ಮಂದಿ ಮಡಿದಿದ್ದರು. ಹಾಗಿರುವಾಗ ಮುಚ್ಚಬೇಡಿ ಎನ್ನುವುದು ಸುಲಭದ ಮಾತಲ್ಲ. ಆದರೂ ಮೀನುಗಾರರೂ ಪರಿಸರವಾದಿಗಳೂ ಪಟ್ಟುಹಿಡಿದರು. ಕೊನೆಗೆ 1986ರಲ್ಲಿ ಉದ್ಘಾಟನೆಗೊಂಡದ್ದು 62 ಉಕ್ಕಿನ ಕದಗಳ ತಡೆ. ದೊಡ್ಡ ಬಿರುಗಾಳಿ ಬಂದಾಗ ಮಾತ್ರ ಕದ ಇಳಿಯುತ್ತದೆ. ಉಳಿದ ದಿನಗಳಲ್ಲಿ ಉಬ್ಬರ ಒಳಬರುತ್ತದೆ, ಅದರೊಡನೆ ತಾಟೆಯೂ.

ಸ್ಪೋರ್ಟ್‌ಫಿಸ್ಸರೇ ನೆಡರ್‌ಲಂಡ್ ಎಂಬ ಗಾಳಗಾರರ ಸಂಘಟನೆ 2011ರಿಂದ ಈ ಶಾರ್ಕುಗಳ ಬೆನ್ನಿನ ರೆಕ್ಕೆಗೆ ಸಂಖ್ಯೆಯ ಗುರುತು ತೊಡಿಸಿ ಬಿಡುವ ಕೆಲಸ ನಡೆಸಿತು. ಗುರುತಿನ ಮೀನು ಮತ್ತೆ ಸಿಕ್ಕಿದ ಕಡೆಗಳಿಂದ ಒಂದು ಸಂಗತಿ ತಿಳಿದುಬಂತು: ಚಳಿಗಾಲದಲ್ಲಿ ಅವು ಇಂಗ್ಲಿಷ್ ಕಾಲುವೆಗೆ, ಫ್ರಾನ್ಸಿನ ಬಿಸ್ಕೇ ಕೊಲ್ಲಿಗೆ ಹೋಗಿ, ಬೇಸಿಗೆಗೆ ಇಲ್ಲಿಗೇ ಮರಳುತ್ತವೆ. ತವರಿನ ದಾರಿಯನ್ನು ಅವು ನಮಗಿಂತ ತಪ್ಪದೆ ಪಾಲಿಸುತ್ತವೆ.

"ತಿನ್ನದ ಮೀನಿಗೆ ಕೊಕ್ಕೆ ಚುಚ್ಚುವುದು ಯಾವ ನ್ಯಾಯ?" ಎಂದು ಹಿಂತಿರುಗುವಾಗ ಕೇಳಿದೆ. ಅಜ್ಜಿಯಿದ್ದಿದ್ದರೆ ಅದನ್ನೇ ಕೇಳುತ್ತಿದ್ದರು. ನೋವಾಗುತ್ತದೆ, ಅದನ್ನು ಅಲ್ಲಗಳೆಯಲಾರೆ ಎಂದರು ನೆರೆಯವರು. ಬಂಗುಡೆಯಂತೆ ತಾಟೆ ಲಕ್ಷ ಮೊಟ್ಟೆ ಚೆಲ್ಲುವುದಿಲ್ಲ. ತಡವಾಗಿ ಬೆಳೆದು ಕೆಲವೇ ಮರಿಗಳನ್ನು ಹೆರುತ್ತದೆ, ಆದ್ದರಿಂದಲೇ ಬಿಟ್ಟೆ ಎಂದರು. ಆ ಉತ್ತರ ನನಗೆ ಅರ್ಧ ಮಾತ್ರ ಒಪ್ಪಿಗೆಯಾಯಿತು. ಮಲ್ಪೆಯ ಬುಟ್ಟಿಯಲ್ಲಿದ್ದ ಮೊಳದುದ್ದದ ಮರಿಗಳು ನೆನಪಾಗಿ ಮುಂದೆ ವಾದಿಸಲಿಲ್ಲ.

ಆಲ್ಮೆರೆ ತಲುಪಿದಾಗ ಕತ್ತಲಾಗಿತ್ತು. ಒಡ್ಡಿನ ಆಚೆ ಮಾರ್ಕರ್‌ಮೇರ್ ಸರೋವರ ಅಲೆಯಿಲ್ಲದೆ ಮಲಗಿತ್ತು. ಅದರ ನೀರಿಗಿಂತ ಕೆಳಗೆ ನಮ್ಮ ಬೀದಿಯ ದೀಪಗಳು ಉರಿಯುತ್ತಿದ್ದವು.