ಸರ್ವರ್ ಸ್ಥಳಾಂತರ: ಪಹಣಿಯ ಅಕ್ಷರ ಉಳಿಯುವುದು ಹೇಗೆ?

ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನ ಘತ್ತರಗಿ, ಭೀಮಾ ತೀರದ ಭಾಗ್ಯವಂತಿ ದೇವಿಯ ಕ್ಷೇತ್ರವೆಂದು ಪ್ರಸಿದ್ಧ. ಊರಿನ ಜಮೀನಿನ ಪ್ರತಿಯೊಂದು ಪಹಣಿಯಲ್ಲೂ ಈ ಹೆಸರು ಅಚ್ಚಾಗಿರುತ್ತದೆ. ಬೆಳೆಸಾಲ, ಬೆಳೆವಿಮೆ, ಪ್ರವಾಹ ಪರಿಹಾರ ಯಾವುದಕ್ಕಾದರೂ ರೈತ ಮೊದಲು ತೋರಿಸಬೇಕಾದದ್ದು ಈ ಪಹಣಿಯನ್ನೇ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಹರಿದಾಗ ತೊಗರಿ, ಕಬ್ಬು ಕಳೆದುಕೊಂಡ ದಂಡೆಯ ರೈತರ ಪಾಲಿಗೆ ಆ ಕಾಗದದ ಬೆಲೆ ಎಷ್ಟೆಂಬುದನ್ನು ವಿವರಿಸಬೇಕಿಲ್ಲ.

ಕಂದಾಯ ಇಲಾಖೆಯ ‘ಭೂಮಿ’ ಯೋಜನೆ ಜಾರಿಗೆ ಬಂದು, 2000ದ ದಶಕದ ಆರಂಭದಲ್ಲಿ ಕೈಬರಹದ ಪಹಣಿಗೆ ತೆರೆ ಬಿದ್ದಿತು. ರಾಜ್ಯದ ಸುಮಾರು 2 ಕೋಟಿ ದಾಖಲೆಗಳು ಗಣಕಯಂತ್ರ ಸೇರಿದವು. ರಾಷ್ಟ್ರೀಯ ಮಾಹಿತಿ ಕೇಂದ್ರ (ಎನ್‌ಐಸಿ) ರೂಪಿಸಿದ ಈ ವ್ಯವಸ್ಥೆ ಮೊದಲಿಗೆ ತಾಲ್ಲೂಕು ಕಚೇರಿಗಳಲ್ಲಿದ್ದ ಸರ್ವರ್‌ಗಳನ್ನು ಅವಲಂಬಿಸಿತ್ತು. ಮುಂದೆ ದತ್ತಾಂಶ ಬೆಂಗಳೂರಿನಲ್ಲಿ ಕೇಂದ್ರೀಕೃತವಾಯಿತು. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ನಾಡಕಚೇರಿಯ ಬಾಗಿಲಲ್ಲಿ ಕೇಳಿಸತೊಡಗಿದ ಮೇಲೆ ಸರ್ವರ್ ಎಂಬುದು ಹಳ್ಳಿಗಳಲ್ಲೂ ಮನೆಮಾತಾಯಿತು. ಆದರೆ ಸರ್ವರ್ ನಿಂತುಹೋದರೆ ಹೋಗುವುದು ಒಂದು ದಿನದ ಕೆಲಸ. ಅದನ್ನು ಒಂದು ಆಪರೇಟಿಂಗ್ ಸಿಸ್ಟಂನಿಂದ ಇನ್ನೊಂದಕ್ಕೆ ಸಾಗಿಸುವಾಗ ಎಡವಿದರೆ ಆಗುವ ಹಾನಿ ವರ್ಷಗಟ್ಟಲೆ ಕಣ್ಣಿಗೆ ಬೀಳದೇ ಉಳಿಯಬಹುದು.

ಅಷ್ಟು ಅಪಾಯವಿದ್ದರೆ ಸಾಗಿಸುವುದಾದರೂ ಏಕೆ? ಆಪರೇಟಿಂಗ್ ಸಿಸ್ಟಂಗೂ ಆಯುಷ್ಯವಿದೆ ಎಂಬುದೇ ಮುಖ್ಯ ಕಾರಣ. ವಿಂಡೋಸ್ ಸರ್ವರ್ 2003ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2015ರ ಜುಲೈ 14ಕ್ಕೆ, ವಿಂಡೋಸ್ ಸರ್ವರ್ 2012ರದ್ದು 2023ರ ಅಕ್ಟೋಬರ್ 10ಕ್ಕೆ ಕೊನೆಗೊಂಡಿತು. ಲಿನಕ್ಸ್ ಬಳಗದ ಸೆಂಟ್‌ಓಎಸ್ 7ರ ಗಡುವು 2024ರ ಜೂನ್ 30ಕ್ಕೆ ಮುಗಿಯಿತು. ಆ ಬಳಿಕ ಪತ್ತೆಯಾಗುವ ಭದ್ರತಾ ಲೋಪಗಳಿಗೆ ಸಾಮಾನ್ಯವಾಗಿ ಪರಿಹಾರ ದೊರೆಯುವುದಿಲ್ಲ. ಪರವಾನಗಿ ಶುಲ್ಕದ ಹೊರೆಯೂ ಇದೆ. ಸರ್ಕಾರಿ ವ್ಯವಸ್ಥೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ಪ್ರಕಟಿಸಿದೆ.

ಕಡತಗಳನ್ನು ನಕಲು ಮಾಡಿ ಹೊಸ ಯಂತ್ರದಲ್ಲಿಟ್ಟರೆ ಕೆಲಸ ಮುಗಿಯಿತು ಎಂಬ ಭಾವನೆ ಸಾಮಾನ್ಯ. ತೊಡಕು ಆರಂಭವಾಗುವುದೇ ಅಲ್ಲಿಂದ. ವಿಂಡೋಸ್‌ನಲ್ಲಿ ಕಡತದ ಹೆಸರನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆದರೂ ಸಣ್ಣಕ್ಷರದಲ್ಲಿ ಬರೆದರೂ ಸಾಮಾನ್ಯವಾಗಿ ಒಂದೇ. ಲಿನಕ್ಸ್‌ಗೆ ಅವು ಎರಡು ಬೇರೆ ಕಡತಗಳು. ಕಡತದ ವಿಳಾಸದಲ್ಲಿ ಬರುವ ಓರೆಗೆರೆ ಒಂದರಲ್ಲಿ ಒಂದು ಕಡೆಗೆ ವಾಲಿದರೆ ಇನ್ನೊಂದರಲ್ಲಿ ಮತ್ತೊಂದು ಕಡೆಗೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್ ಎಂಬ ಡೇಟಾಬೇಸ್ 2017ರ ಆವೃತ್ತಿಯವರೆಗೆ ಲಿನಕ್ಸ್ ಮೇಲೆ ನಡೆಯುತ್ತಲೇ ಇರಲಿಲ್ಲ. ಅಂದರೆ, ಅದಕ್ಕೂ ಮೊದಲು ವಿಂಡೋಸ್ ತೊರೆಯಬೇಕಾದ ಕಚೇರಿ ಡೇಟಾಬೇಸನ್ನೂ ತೊರೆಯಬೇಕಿತ್ತು. ಇವೆಲ್ಲ ತ್ರಾಸದಾಯಕವೇ ಹೌದು. ಆದರೂ ತಪ್ಪಿದರೆ ತಂತ್ರಾಂಶ ಕೂಡಲೇ ಮುಷ್ಕರ ಹೂಡುತ್ತದೆ, ದೋಷ ಬಯಲಾಗುತ್ತದೆ.

ಸದ್ದಿಲ್ಲದೆ ಕೆಡುವುದು ಅಕ್ಷರ. ‘ಘತ್ತರಗಿ’ ಎಂಬ ಪದವನ್ನೇ ನೋಡಬಹುದು. ಓದುವವರಿಗೆ ಅಲ್ಲಿರುವುದು ಘ, ತ್ತ, ರ, ಗಿ ಎಂಬ ನಾಲ್ಕು ಅಕ್ಷರ. ಯೂನಿಕೋಡ್ ಪದ್ಧತಿಯಲ್ಲಿ ಅದು ಏಳು ಸಂಕೇತಗಳ ಸಾಲು: ಘ, ತ, ವಿರಾಮ ಚಿಹ್ನೆ, ಮತ್ತೊಂದು ತ, ರ, ಗ, ಕೊನೆಗೆ ಇ-ಕಾರದ ಗುಡಿಸು. 1991ರ ಭಾರತೀಯ ಮಾನಕವಾದ ಇಸ್ಕಿಯಲ್ಲಿ ಈ ಏಳಕ್ಕೂ ತಲಾ ಒಂದು ಬೈಟ್ ಸಾಕಿತ್ತು, ಒಟ್ಟು 7 ಬೈಟ್. ಇಂದು ಲಿನಕ್ಸ್ ಸರ್ವರ್‌ಗಳಲ್ಲಿ ರೂಢಿಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟ್ ಬೇಕು. ಹೀಗಾಗಿ ಅದೇ ಹೆಸರಿಗೆ 21 ಬೈಟ್.

ಹಳೆಯ ಕಾಲದಲ್ಲಿ ಗ್ರಾಮದ ಹೆಸರಿಗೆಂದು ಯಾರೋ 20 ಬೈಟ್ ಜಾಗ ಕಾದಿರಿಸಿದ್ದರು ಎಂದು ಭಾವಿಸೋಣ. ಬೈಟ್ ಲೆಕ್ಕದಲ್ಲಿ ಅಳೆಯುವ ಹೊಸ ಡೇಟಾಬೇಸ್ ಅಲ್ಲಿ ಎರಡರಲ್ಲೊಂದು ಮಾಡುತ್ತದೆ: ‘ಜಾಗ ಸಾಲದು’ ಎಂದು ದಾಖಲೆಯನ್ನೇ ತಿರಸ್ಕರಿಸುತ್ತದೆ, ಇಲ್ಲವೇ ಮಿಕ್ಕಿದ್ದನ್ನು ಕತ್ತರಿಸಿ ಸುಮ್ಮನಾಗುತ್ತದೆ. ಕತ್ತರಿಸಿದರೆ ಊರು ‘ಘತ್ತರಗ’ ಆಗುತ್ತದೆ. ತಿರಸ್ಕರಿಸಿದರೇ ಮೇಲು, ಯಾರಾದರೂ ಗಮನಿಸುತ್ತಾರೆ. ಊರಿನ ಹೆಸರಾದರೋ ನೂರಾರು ಜನರ ಕಣ್ಣಿಗೆ ಬೀಳುವಂಥದ್ದು. ಖಾತೆದಾರರ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಒಟ್ಟುಗೂಡಿದ ಉದ್ದನೆಯ ಸಾಲಿನ ಬಾಲ ತುಂಡಾದರೆ ಕೇಳುವವರು ಯಾರು?

ಇದು ಇಸ್ಕಿ ಅಥವಾ ಯೂನಿಕೋಡ್‌ನಲ್ಲಿದ್ದ ದತ್ತಾಂಶದ ಮಾತಾಯಿತು. ಕನ್ನಡಕ್ಕೆ ಇನ್ನೂ ಒಂದು ಕಷ್ಟವಿದೆ. ಮೈಕ್ರೋಸಾಫ್ಟ್ ತನ್ನ ವಿಂಡೋಸ್‌ನಲ್ಲಿ ‘ತುಂಗಾ’ ಫಾಂಟ್‌ನೊಡನೆ ಕನ್ನಡವನ್ನು ಅಳವಡಿಸಿದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಅದಕ್ಕೂ ಮುಂಚೆ, ಆ ನಂತರವೂ ಬಹುಕಾಲ, ಕಚೇರಿಗಳು ಮತ್ತು ಪತ್ರಿಕೆಗಳು ನುಡಿ, ಬರಹ, ಶ್ರೀಲಿಪಿಯಂತಹ ತಂತ್ರಾಂಶಗಳನ್ನು ನೆಚ್ಚಿಕೊಂಡಿದ್ದವು. ಅವುಗಳ ಹಳೆಯ ಫಾಂಟ್‌ಗಳಲ್ಲಿ ಇಂಗ್ಲಿಷ್ ಹಾಗೂ ಇತರ ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಯಂತ್ರದ ದೃಷ್ಟಿಯಲ್ಲಿ ಅಲ್ಲಿ ಕನ್ನಡವೇ ಇರಲಿಲ್ಲ. ಜತೆಗೆ, ಅರ್ಕಾವೊತ್ತು ಆ ಫಾಂಟ್‌ಗಳಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ಬಳಿಕ ಬರುತ್ತದೆ; ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಇದನ್ನು ಸರಿಯಾಗಿ ಅರಿಯದಿದ್ದರೆ ‘ಧರ್ಮಣ್ಣ’ ಏನಾದಾನು ಎಂಬುದನ್ನು ಊಹಿಸಬಹುದು.

ಹೊಸ ಸರ್ವರ್‌ನ ಪರದೆಯಲ್ಲಿ ಅಕ್ಷರದ ಬದಲು ಖಾಲಿ ಚೌಕಗಳು ಕಂಡರೆ ಗಾಬರಿ ಬೇಡ. ಬಹುತೇಕ ಫಾಂಟ್ ಇಲ್ಲವೆಂದು ಅರ್ಥ, ದತ್ತಾಂಶ ಕ್ಷೇಮವಾಗಿರುತ್ತದೆ. ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಮಾತ್ರ ಎದೆ ನಡುಗಬೇಕು. ಸಾಮಾನ್ಯವಾಗಿ ಅದರರ್ಥ, ಸಾಗಿಸುವ ಹಾದಿಯಲ್ಲೇ ಅಕ್ಷರ ಅಳಿಸಿಹೋಗಿ ಆ ಜಾಗದಲ್ಲಿ ಚಿಹ್ನೆ ಕುಳಿತಿದೆ ಎಂದು. ಹಳೆಯ ಸರ್ವರ್ ಅನ್ನು ಅಷ್ಟರಲ್ಲೇ ಗುಜರಿಗೆ ಹಾಕಿದ್ದರೆ ಮರಳಿ ಪಡೆಯಲು ದಾರಿಯಿಲ್ಲ.

ಹೆಸರಿನ ಒಂದು ಗುಡಿಸಿಗೆ ಇಷ್ಟು ತಲೆಬಿಸಿಯೇ ಎನ್ನುವಂತಿಲ್ಲ. ಪಹಣಿಯಲ್ಲಿರುವ ಹೆಸರಿಗೂ ಆಧಾರ್‌ನಲ್ಲಿರುವ ಹೆಸರಿಗೂ ತಾಳೆಯಾಗದೆ ಪಿಎಂ-ಕಿಸಾನ್ ಹಣ ತಡೆಹಿಡಿದ ಪ್ರಕರಣಗಳನ್ನು ರೈತರು ಕಂಡಿದ್ದಾರೆ. 2024ರಲ್ಲಿ ರಾಜ್ಯ ಸರ್ಕಾರ ಪಹಣಿಗೆ ಆಧಾರ್ ಜೋಡಿಸುವ ಅಭಿಯಾನವನ್ನೇ ಕೈಗೊಂಡಿತು. ಒಂದು ದಾಖಲೆ ಇನ್ನೊಂದನ್ನು ಹೀಗೆ ಆಶ್ರಯಿಸಿದಷ್ಟೂ ಒಂದು ಕಡೆಯ ಅಕ್ಷರದೋಷ ಹತ್ತು ಕಡೆ ತಲೆನೋವಾಗುತ್ತದೆ.

ಅಕ್ಷರದಷ್ಟೇ ಸೂಕ್ಷ್ಮವಾದದ್ದು ಗಡಿಯಾರ. ವಿಂಡೋಸ್ ತನ್ನ ಯಂತ್ರದ ಗಡಿಯಾರವನ್ನು ಸ್ಥಳೀಯ ಸಮಯದಲ್ಲಿ ಇಟ್ಟುಕೊಳ್ಳುವುದು ವಾಡಿಕೆ. ಲಿನಕ್ಸ್ ಸರ್ವರ್‌ಗಳು ಸಾಮಾನ್ಯವಾಗಿ ಜಾಗತಿಕ ಸಮಯವನ್ನು ಅನುಸರಿಸುತ್ತವೆ. ಭಾರತದ ಮಟ್ಟಿಗೆ ವ್ಯತ್ಯಾಸ ಐದೂವರೆ ಗಂಟೆ. ‘ಭೂಮಿ’ಯಲ್ಲಿ ಮ್ಯುಟೇಶನ್ ಅರ್ಜಿಗಳನ್ನು ಬಂದ ಸರದಿಯಲ್ಲೇ ಇತ್ಯರ್ಥಪಡಿಸುವಂತೆ ತಂತ್ರಾಂಶವನ್ನು ರೂಪಿಸಲಾಗಿತ್ತು; ಯೋಜನೆಗೆ ಹೆಸರು ತಂದ ಗುಣಗಳಲ್ಲಿ ಇದೂ ಒಂದು. ಇಂಥ ಸರದಿಯ ವ್ಯವಸ್ಥೆಯೊಂದನ್ನು ಎಚ್ಚರವಿಲ್ಲದೆ ಸಾಗಿಸಿದರೆ, ಹಳೆಯ ಸರ್ವರ್‌ನಲ್ಲಿ ಸಂಜೆ 4ಕ್ಕೆ ದಾಖಲಾದ ಅರ್ಜಿಗಿಂತ, ಹೊಸದರಲ್ಲಿ ಅದೇ ರಾತ್ರಿ 9ಕ್ಕೆ ಆನ್‌ಲೈನ್ ಮೂಲಕ ಬಂದ ಅರ್ಜಿ ‘3.30’ ಎಂಬ ಮುದ್ರೆ ಹೊತ್ತು ಮುಂದೆ ನಿಲ್ಲುತ್ತದೆ. ಎರಡೂ ಒಂದೇ ಸರ್ವೆ ನಂಬರಿಗೆ ಸಂಬಂಧಿಸಿದ್ದರೆ ವಿಷಯ ನ್ಯಾಯಾಲಯದ ಮೆಟ್ಟಿಲೇರುತ್ತದೆ.

ಲಂಡನ್ ಷೇರು ವಿನಿಮಯ ಕೇಂದ್ರ ವಿಂಡೋಸ್ ಆಧಾರಿತ ವಹಿವಾಟು ವ್ಯವಸ್ಥೆಯಿಂದ ಲಿನಕ್ಸ್‌ಗೆ ಹೊರಳಿದಾಗ (ಹೊಸ ವ್ಯವಸ್ಥೆ ಕಟ್ಟಿದ್ದು ಶ್ರೀಲಂಕಾದ ಕಂಪನಿ ಎಂಬುದು ಸ್ವಾರಸ್ಯಕರ), ಒಮ್ಮೆಲೇ ಎಲ್ಲವನ್ನೂ ಬದಲಿಸಲಿಲ್ಲ. 2010ರ ಅಕ್ಟೋಬರ್‌ನಲ್ಲಿ ‘ಟರ್ಕ್ವಾಯ್ಸ್’ ಎಂಬ ತನ್ನ ಚಿಕ್ಕ ಮಾರುಕಟ್ಟೆಯನ್ನು ಸಾಗಿಸಿತು. ಪ್ರಧಾನ ಮಾರುಕಟ್ಟೆಯ ಸರದಿ ಬಂದದ್ದು 2011ರ ಫೆಬ್ರುವರಿಯಲ್ಲಿ.

ಭೂದಾಖಲೆಗೂ ಇದೇ ಕ್ರಮ ಒಪ್ಪುತ್ತದೆ. ಮೊದಲು ಒಂದೇ ಗ್ರಾಮದ ಪಹಣಿಗಳನ್ನು ಸಾಗಿಸಿ, ಹಳೆಯ ಮತ್ತು ಹೊಸ ಸರ್ವರ್ ಎರಡರಿಂದಲೂ ಮುದ್ರಿಸಿ, ಸಾಲಿಗೆ ಸಾಲು ತಾಳೆ ನೋಡಬೇಕು. ಒಟ್ಟು ದಾಖಲೆಗಳ ಸಂಖ್ಯೆ ಹೊಂದಿದರೆ ಸಾಲದು. ಪ್ರತಿ ಹೆಸರಿನ ಉದ್ದ, ಒತ್ತಕ್ಷರ, ವಿಸ್ತೀರ್ಣದ ಎಕರೆ–ಗುಂಟೆ, ಮ್ಯುಟೇಶನ್‌ನ ದಿನಾಂಕ ಹೊಂದಬೇಕು. ತಾಳೆ ನೋಡುವವರು ಆ ಊರಿನ ಮನೆತನಗಳ ಹೆಸರು ಬಲ್ಲ ಗ್ರಾಮ ಆಡಳಿತಾಧಿಕಾರಿಯಾದರೆ ಉತ್ತಮ. ಬೆಂಗಳೂರಿನ ಎಂಜಿನಿಯರ್‌ಗೆ ಕಾಣದ ದೋಷ ಅವರ ಕಣ್ಣಿಗೆ ಒಡನೆ ಬೀಳುತ್ತದೆ. ಹಳೆಯ ಸರ್ವರ್ ಅನ್ನು ಓದಲು ಮಾತ್ರ ಸಾಧ್ಯವಾಗುವಂತೆ ಕನಿಷ್ಠ ಒಂದು ಬೆಳೆ ಹಂಗಾಮಿನವರೆಗಾದರೂ ಉಳಿಸಿಕೊಳ್ಳಬೇಕು, ಏಕೆಂದರೆ ಸಾಲ ಮತ್ತು ವಿಮೆಗಾಗಿ ರೈತರು ಪಹಣಿ ತೆಗೆಸುವುದು ಆಗಲೇ. ಪರೀಕ್ಷೆಗೆ ಆರಿಸುವ ಗ್ರಾಮದ ಹೆಸರಿನಲ್ಲೇ ಒಂದು ಒತ್ತಕ್ಷರ, ಕೊನೆಗೊಂದು ಗುಡಿಸು ಇದ್ದರೆ ಇನ್ನೂ ಅನುಕೂಲ. ಅಫಜಲಪುರ ತಾಲ್ಲೂಕಿನಲ್ಲಿ ಅಂಥ ಊರಿಗಾಗಿ ದೂರ ಹುಡುಕಬೇಕಾಗಿಲ್ಲ.