‘ಉಪಯುಕ್ತ ಕಲಿಕೆ’ ಸರಿ, ಯಾರ ಉಪಯೋಗಕ್ಕೆ?

ನಾನು ಇಂಜಿನಿಯರಿಂಗ್ ಓದುವಾಗ ‘ಪ್ರಾಕ್ಟಿಕಲ್’ ಅಂದ್ರೆ ರೆಕಾರ್ಡ್ ಬುಕ್ ತುಂಬಿಸೋದು, ‘ಉಪಯೋಗ’ ಅಂದ್ರೆ ಪ್ಲೇಸ್‌ಮೆಂಟ್. ಹಾಗಾಗಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿರುವ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯ ತನ್ನನ್ನು ‘ಉಪಯುಕ್ತ ಕಲಿಕೆಯ ತಾಣ’ ಅಂತ ಕರೆದುಕೊಳ್ಳುತ್ತೆ ಎಂದು ಓದಿದಾಗ ನಗು ಬಂತು. ಅದರ ಇತಿಹಾಸ ಓದಿದ ಮೇಲೆ ನಗು ನಿಂತಿತು.

ಆ ಮಾತು ಜಾನ್ ಆಂಡರ್ಸನ್ ಎಂಬ ಮೇಷ್ಟ್ರದು. ಊರಿನ ಹಳೆಯ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರೊಫೆಸರ್. ಪ್ರಯೋಗ ಮಾಡಿ ತೋರಿಸುತ್ತಿದ್ದ ಅವರ ಪಾಠಕ್ಕೆ ಕುಶಲಕರ್ಮಿಗಳೂ ಬರಬಹುದಿತ್ತು. ವಿದ್ಯಾರ್ಥಿಗಳ ನಿಲುವಂಗಿ ಬೇಕಿಲ್ಲ, ಕೆಲಸದ ಬಟ್ಟೆಯಲ್ಲೇ ಬಂದ್ರೆ ಸಾಕು. ಸಹೋದ್ಯೋಗಿಗಳ ಜೊತೆ ಮಾತ್ರ ಮುಗಿಯದ ಜಗಳ. 1796ರಲ್ಲಿ ತೀರಿಕೊಂಡಾಗ, ಅದೇ ಊರಲ್ಲಿ ಇನ್ನೊಂದು ವಿಶ್ವವಿದ್ಯಾಲಯ ಕಟ್ಟಿ ಎಂದು ಉಯಿಲು ಬರೆದಿಟ್ಟಿದ್ದರು! ಅಷ್ಟು ದುಡ್ಡು ಎಲ್ಲಿತ್ತು? ಪುಸ್ತಕಗಳಿದ್ದವು, ಉಪಕರಣಗಳಿದ್ದವು. ಆದರೂ ಅದೇ ವರ್ಷ ಆಂಡರ್ಸನ್ ಸಂಸ್ಥೆ ಶುರುವಾಯಿತು. ಹೆಂಗಸರೂ ಉಪನ್ಯಾಸಕ್ಕೆ ಬಂದು ಕೂರಬಹುದಿತ್ತು.

1799ರಲ್ಲಿ ಅಲ್ಲಿಗೆ ಪ್ರೊಫೆಸರ್ ಆಗಿ ಬಂದವರು ಜಾರ್ಜ್ ಬರ್ಕ್‌ಬೆಕ್. ತರಗತಿಗೆ ಬೇಕಾದ ಉಪಕರಣ ಮಾಡಿಕೊಡುತ್ತಿದ್ದ ಕಾರ್ಮಿಕರು, ಇದು ಹೇಗೆ ಕೆಲಸ ಮಾಡುತ್ತೆ ಅಂತ ಕೇಳತೊಡಗಿದರು. ಅವರಿಗಾಗಿಯೇ ಬರ್ಕ್‌ಬೆಕ್ ಉಚಿತ ಉಪನ್ಯಾಸ ಆರಂಭಿಸಿದರು. ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿಗೆ ಇವರದೇ ಹೆಸರು.

ಕಾರ್ಮಿಕರಿಗೆ ಪಾಠ ಅಂದ್ರೆ ಬರೀ ಕಸುಬು ಕಲಿಸೋದು, ಸಂಶೋಧನೆ ಬೇರೆಯವರ ಕೆಲಸ ಅಂತ ನಮ್ಮಲ್ಲಿ ಅಂದುಕೊಳ್ಳುತ್ತಾರೆ. ಇಲ್ಲಿ ಹಾಗಾಗಲಿಲ್ಲ. 1830ರ ದಶಕದಲ್ಲಿ ಥಾಮಸ್ ಗ್ರಹಾಂ ಅನಿಲಗಳು ಬೆರೆಯುವ ವೇಗದ ನಿಯಮ ರೂಪಿಸಿದ್ದು ಇಲ್ಲೇ. ಪಿಯುಸಿ ಕೆಮಿಸ್ಟ್ರಿಯಲ್ಲಿ ಉರು ಹೊಡೆದ ಗ್ರಹಾಂ ನಿಯಮ ನೆನಪಿದೆಯಾ? ಅದೇ. ಅವರ ಸಂಜೆ ತರಗತಿಗೆ ಬರುತ್ತಿದ್ದ, ಮರಗೆಲಸ ಕಲಿಯುತ್ತಿದ್ದ ಜೇಮ್ಸ್ ಯಂಗ್ ಮುಂದೆ ಕಲ್ಲಿದ್ದಲಿನಿಂದ ಪ್ಯಾರಾಫಿನ್ ಎಣ್ಣೆ ತೆಗೆದು, 1850ರಲ್ಲಿ ಪೇಟೆಂಟ್ ಪಡೆದರು.

ಆಮೇಲೆ ಹೆಸರು ಬದಲಾಯಿತು, ವಿಲೀನಗಳಾದವು. ‘ವಿಶ್ವವಿದ್ಯಾಲಯ’ ಎಂಬ ಪದವಿ ಸಿಕ್ಕಿದ್ದು 1964ರಲ್ಲಿ, ಉಯಿಲು ಬರೆದವರು ತೀರಿಕೊಂಡು 168 ವರ್ಷಗಳಾದ ಮೇಲೆ.

ಇದನ್ನು ಸ್ವರ್ಗ ಅಂತ ಮಾಡೋದು ಬೇಡ. ಈ ‘ಉಪಯೋಗ’ ಸಾಮ್ರಾಜ್ಯದ ಹಡಗುಕಟ್ಟೆಗಳಿಗೂ ಸಂದಿದೆ. ಆದರೆ ‘ಇಂಡಸ್ಟ್ರಿ-ರೆಡಿ’ ಎನ್ನುವ ನಮ್ಮ ಕುಲಪತಿಗಳ ಭಾಷಣದಲ್ಲಿ ಕಂಪನಿಗೆ ಏನು ಬೇಕು ಎಂಬುದಷ್ಟೇ ಇರುತ್ತೆ. ಶಿಫ್ಟ್ ಮುಗಿಸಿದ ಕೆಲಸಗಾರ ಯಾವ ಹೊತ್ತಿಗೆ, ಯಾವ ಬಾಗಿಲಿಂದ ಒಳಗೆ ಬರಬೇಕು ಎಂಬುದು ಇರಲ್ಲ.

1836ರಲ್ಲಿ ಹತ್ತಿ ಗಿರಣಿಯ ಕಾರ್ಮಿಕನೊಬ್ಬ ಇಲ್ಲಿ ವೈದ್ಯಕೀಯ ಕಲಿಯಲು ಸೇರಿಕೊಂಡ. ಚಳಿಗಾಲದಲ್ಲಿ ಓದು, ಬೇಸಿಗೆಯಲ್ಲಿ ಮತ್ತೆ ಗಿರಣಿ. ಅವನೇ ಮುಂದೆ ಆಫ್ರಿಕಾದ ನಡುವೆ ನಡೆದ ಡೇವಿಡ್ ಲಿವಿಂಗ್‌ಸ್ಟನ್.